ಕ್ಲಚ್ಚಿಲ್ಲದ ಹಾದಿ

ನನ್ನ ಎಡಗಾಲಿನ ಚಪ್ಪಲಿ ಯಾವತ್ತೂ ಬಲಗಾಲಿನದ್ದಕ್ಕಿಂತ ಮೊದಲೇ ಸವೆಯುತ್ತಿತ್ತು. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದ ಹಿರಿಯರೊಬ್ಬರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಾಸ್ತರ, ಎಡಗಾಲಿಗೆ ಏನ್ ಇಷ್ಟ ಸಿಟ್ಟರಿ?" ಎಂದು ಕೇಳಿದ್ದರು. ಸಿಟ್ಟಲ್ಲ ಮಹಾರಾಯರೇ, ಕ್ಲಚ್ಚು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನೊಂದು ಹಳೆಯ ವ್ಯಾನು ಕೊಂಡಿದ್ದೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವನಿಗೆ ನಾಲ್ಕು ಗೇರು ಯಾವ ಲೆಕ್ಕ ಎಂಬ ಜಂಬ ಬೇರೆ. ಕ್ಲಚ್ಚಿನ ಮೇಲಿಟ್ಟ ಕಾಲನ್ನು ಊರು ಮುಟ್ಟುವ ತನಕ ತೆಗೆಯುತ್ತಿರಲಿಲ್ಲ. ಗೇರು ಒಲ್ಲೆನೆಂದರೆ ತಪ್ಪು ಲೆಕ್ಕ ಮಾಡಿದ ಹುಡುಗನ ಕಿವಿ ಹಿಂಡಿದಂತೆ ಹಿಂಡಿ ಕೂರಿಸುತ್ತಿದ್ದೆ. ಓಣಿಯ ತಿರುವಿನಲ್ಲಿ ಅದು ಕರ್ರೆಂದು ಕಿರುಚಿಕೊಂಡರೆ ಜನ "ಮಾಸ್ತರ ಬಂದ್ರು" ಎಂದು ನಗುತ್ತಿದ್ದರು.

ನಗದೆ ಇದ್ದವರು ಹುಸೇನಸಾಬರೊಬ್ಬರೇ. ನಮ್ಮ ಓಣಿಯವರೇ, ಕಿತ್ತೂರು, ನೇಸರಗಿ, ರಾಮದುರ್ಗವೆಂದು ಅರ್ಧ ಆಯುಷ್ಯವನ್ನು ಬಾಡಿಗೆ ಟೆಂಪೋ ಓಡಿಸಿ ಕಳೆದವರು. ಆ ಸದ್ದು ಕೇಳಿದರೆ ತಮ್ಮದೇ ಹಲ್ಲು ನೊಂದವರಂತೆ ಮುಖ ಮಾಡುತ್ತಿದ್ದರು. ಒಮ್ಮೆ ತಡೆಯಲಾರದೆ, "ಮಾಸ್ತರ, ಗೇರ್ ತುರಕೂದಲ್ರಿ. ವ್ಯಾಳ್ಯಾ ಬಂದಾಗ ತಾನ ಬೀಳತೈತಿ. ನಾವು ಕಾಯಬೇಕಷ್ಟ" ಎಂದರು. ಇಂಥ ವೇದಾಂತವನ್ನು ನಾನು ಬಹಳ ಕೇಳಿದ್ದೇನೆ ಎಂದುಕೊಂಡು ಮತ್ತೆ ಗೇರು ತುರುಕಿ ಹೊರಟೆ.

ಹೀಗಿರಲು ಒಂದು ಬೇಸಿಗೆಯ ಮೊದಲಿಗೆ, ತವರೂರು ಸಾಲಹಳ್ಳಿಗೆ ಹೋಗಿದ್ದ ನನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ವ್ಯಾನು ತೆಗೆದುಕೊಂಡು ಓಡಿದೆ. ಊರಿನ ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ, "ಬೈಲಹೊಂಗಲದ ಡಾಕ್ಟರ್‌ಗ ತೋರಸ್ರಿ, ಆದರ ಹಾದ್ಯಾಗ ಧಕ್ಕಿ ಬಡಿಯಬಾರದು. ಎಲಬು ಸರದು ಒಳಗ ನರಕ್ಕ ತಾಗಿತಂದ್ರ ಅವ್ವಾರು ಮತ್ತ ಏಳೂದಿಲ್ಲ" ಎಂದರು. ಹಾಸಿಗೆಯಲ್ಲಿದ್ದ ಅವ್ವ ನನ್ನನ್ನೇ ನೋಡಿ, "ನಿನ್ನ ಗಾಡ್ಯಾಗ ಬರತೇನಿ, ಆದರ ನೀ ನಡಸಬ್ಯಾಡಪಾ. ಹುಸೇನಸಾಬನ್ನ ಕರಸು" ಎಂದಳು. ಹೆತ್ತ ತಾಯಿಯ ತೀರ್ಪು. ಅದಕ್ಕೆ ಮೇಲ್ಮನವಿ ಇಲ್ಲ. ಫೋನು ಮಾಡಿಸಿದೆ. ಮರುದಿನ ಬೆಳಗಿನ ಬಸ್ಸಿಗೆ ಹುಸೇನಸಾಬರು ಬಂದಿಳಿದರು.

ಹಿಂದಿನ ಸೀಟು ಬಿಚ್ಚಿ, ಗಾದಿ ಹಾಸಿ, ಅವ್ವನನ್ನು ಮಲಗಿಸಿದೆವು. ಹುಸೇನಸಾಬರು ಚಪ್ಪಲಿ ಬಿಚ್ಚಿಟ್ಟು, ಬರಿಗಾಲಿನಲ್ಲಿ ಕ್ಲಚ್ಚನ್ನು ಒಮ್ಮೆ ಒತ್ತಿ ಬಿಟ್ಟು, ಅರೆಗಳಿಗೆ ಏನೋ ಯೋಚಿಸಿ, "ಬಿಸ್ಮಿಲ್ಲಾ" ಎಂದು ಹೊರಟರು. ಓದುಗ ಮಿತ್ರರೇ, ನೀವು ಎಂದಾದರೂ ಗಮನಿಸಿದ್ದೀರಾ? ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಯಾವ ಗೇರೂ ಇಲ್ಲದ ಒಂದು ಗಳಿಗೆ ಇರುತ್ತದೆ. ನನ್ನಂಥ ಅವಸರದವರು ಅದನ್ನು ಹಾರಿ ದಾಟುತ್ತೇವೆ, ಗೇರುಪೆಟ್ಟಿಗೆಯೊಳಗಿನ ಹಲ್ಲುಗಳು ಸವೆಯುವುದೂ ಆಗಲೇ. ಹುಸೇನಸಾಬರು ಆ ಗಳಿಗೆಯಲ್ಲಿ ನಿಲ್ಲುತ್ತಿದ್ದರು. ಸೀಟಿನ ಕೆಳಗಿನ ಎಂಜಿನ್ನಿನ ದನಿ ಇಳಿಯುವುದನ್ನು ಆಲಿಸಿ, ಎರಡೇ ಬೆರಳಿನಿಂದ ಗೇರಿನ ದಾಂಡನ್ನು ಸರಿಸುತ್ತಿದ್ದರು. ಗೇರು ಬದಲಾದದ್ದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಮೈಗೆ ತಿಳಿಯುತ್ತಿರಲಿಲ್ಲ. ಸವದತ್ತಿ ಬರುವಷ್ಟರಲ್ಲಿ, ರಾತ್ರಿಯಿಡೀ ನರಳಿದ್ದ ಅವ್ವ ಕಣ್ಣು ಮುಚ್ಚಿ ನಿದ್ದೆಹೋದಳು.

ಸವದತ್ತಿ ದಾಟಿದ ಮೇಲೆ ಕುರಿಹಿಂಡೊಂದು ಅಡ್ಡ ಬಂತು. ನಿಲ್ಲಿಸಲು ಕ್ಲಚ್ಚು ಒತ್ತಿದರು. ಟಪ್ಪೆಂದು ಸದ್ದಾಗಿ ಪೆಡಲು ನೆಲಕ್ಕಂಟಿತು. ಅಷ್ಟರಲ್ಲೇ ಅವರು ಗೇರು ತೆಗೆದಿದ್ದರು, ಗಾಡಿ ನೀರಿನ ಮೇಲಿನ ತೆಪ್ಪದಂತೆ ತೇಲಿಕೊಂಡು ಹೋಗಿ ನಿಂತಿತು. "ಕ್ಲಚ್ಚಿನ ತಂತಿ ಕಡೀತ್ರಿ" ಎಂದರು, ಚಹಾ ಆರಿತು ಎನ್ನುವ ದನಿಯಲ್ಲಿ. ಎಂಜಿನ್ನು ಆರಿಸಿ, ಗೇರಿನಲ್ಲಿಟ್ಟೇ ಚಾಲೂ ಮಾಡಬಹುದು, ಆದರೆ ಗಾಡಿ ಜಿಗಿಯುತ್ತದೆ. ಅವ್ವನಿಗೆ ಅದು ಆಗದು. ಅವರು ಇಳಿದು, ಪಕ್ಕದ ಹೊಲದಲ್ಲಿ ಜೋಳ ಕೀಳುತ್ತಿದ್ದ ಏಳೆಂಟು ಜನರನ್ನು ಕರೆತಂದರು. "ಯಪ್ಪಾ, ಧಡಕ್ ಅಂತ ನೂಕಬ್ಯಾಡ್ರಿ. ಕೈ ಹಚ್ಚಿ ಮೊದಲ ನಡೀರಿ, ಆಮ್ಯಾಲ ಓಡ್ರಿ. ಒಳಗ ತೊಟ್ಟಿಲ ಐತಿ ಅಂತ ತಿಳ್ಕೊಳ್ರಿ" ಎಂದು ಹೇಳಿಕೊಟ್ಟರು. ಎಂಜಿನ್ನು ತಾನಷ್ಟಕ್ಕೆ ಗುನುಗುತ್ತಿತ್ತು, ಗಾಡಿಯನ್ನು ಜನ ನಡೆಸುತ್ತಿದ್ದರು. ಎರಡರ ವೇಗವೂ ಒಂದಾದ ಕ್ಷಣದಲ್ಲಿ ಹುಸೇನಸಾಬರ ಕೈ ಅಲುಗಿತು, ಅಷ್ಟೇ. ಗೇರು ಬಿತ್ತು. ನೂಕುತ್ತಿದ್ದವರ ಕೈಯಿಂದ ಗಾಡಿ ತಾನೇ ಬಿಡಿಸಿಕೊಂಡು ಮುಂದೆ ಹೋಯಿತು, ನಾನು ಓಡಿ ಹತ್ತಿಕೊಂಡೆ. ಅಷ್ಟು ವರ್ಷ ಬೋರ್ಡಿನ ಮೇಲೆ ಸಮೀಕರಣ ಬಿಡಿಸಿದವನು ನಾನು. ಎರಡು ಬದಿ ಸಮವಾಗುವುದೆಂದರೇನೆಂದು ಕಣ್ಣಾರೆ ಕಂಡದ್ದು ಅವತ್ತೇ.

ಇನ್ನು ನಿಲ್ಲುವಂತಿಲ್ಲ. ಬೈಲಹೊಂಗಲದ ಪೇಟೆಗೆ ಬಂದಾಗ ಮೊದಲನೆಯ ಗೇರಿಗಿಳಿಸಿ, "ಮಾಸ್ತರ, ಇಳದು ಮುಂದ ಓಡ್ರಿ, ಹಾದಿ ಬಿಡಸ್ರಿ" ಎಂದರು. ಓಡಿದೆ. ಹೆಗಲ ಮೇಲಿನ ಟವೆಲ್ಲು ಬೀಸುತ್ತ, "ಸರೀರಿ, ನಿಂದ್ರಂಗಿಲ್ಲ, ಸರೀರಿ" ಎಂದು ಕೂಗುತ್ತ, ಕಾಯಿಪಲ್ಲೆಯ ಬುಟ್ಟಿ, ಸೈಕಲ್ಲು, ಎತ್ತಿನ ಗಾಡಿಗಳ ನಡುವೆ ಏದುಸಿರು ಬಿಡುತ್ತ ಓಡಿದೆ. ನನ್ನ ವಿದ್ಯಾರ್ಥಿಗಳು ಬಾಯಿ ತೆರೆದು ನೋಡುತ್ತಿದ್ದರು. ನೋಡಲಿ ಬಿಡಿ. ಆಸ್ಪತ್ರೆಯ ಮೆಟ್ಟಿಲಿನ ಮುಂದೆ ವ್ಯಾನು ನಿಂತಾಗ ಅವ್ವ ಕಣ್ಣು ತೆರೆದು, "ಯಾಕಪಾ, ಇನ್ನೂ ಹೊಂಟಿಲ್ಲೇನು?" ಎಂದು ಕೇಳಿದಳು. ನನಗೆ ಅಳು ಬಂತು.

ಎಲುಬು ಕೂದಲೆಳೆಯಷ್ಟೂ ಸರಿದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ಹೊರಗೆ ಬಂದೆ. ಹುಸೇನಸಾಬರು ಬೇವಿನ ಮರದ ಕೆಳಗೆ ಕುಳಿತಿದ್ದರು. "ತಂತಿ ಕಡದದ್ದು ನನ್ನ ಕಾಲಿಂದ ರೀ, ಸಾಬರ. ವರ್ಷಗಟ್ಟಲೆ ಅದರ ಮ್ಯಾಲ ಕಾಲ ಊರಿ ಕುಂತೇನಿ" ಎಂದೆ.

"ಗೊತ್ತೈತ್ರಿ. ಸಾಲಹಳ್ಯಾಗ ಕಾಲ ಇಟ್ಟ ಕೂಡಲೇ ತಿಳೀತು, ತಂತ್ಯಾಗ ಎರಡೋ ಮೂರೋ ಎಳಿ ಅಷ್ಟ ಉಳದಾವು ಅಂತ. ಅದಕ್ಕ ಹೊರಡುವಾಗ ಒಮ್ಮೆ ಅಷ್ಟ ತುಳದೆ. ಮುಂದ ಎಲ್ಲಾ ಗೇರೂ ಕ್ಲಚ್ ಇಲ್ಲದನ ಹಾಕೇನಿ."

ಪಕ್ಕದಲ್ಲೇ ಕುಳಿತಿದ್ದ ನಾನು ಅದನ್ನು ಕಂಡಿರಲಿಲ್ಲ. "ಸವದತ್ತ್ಯಾಗ ಮೆಕ್ಯಾನಿಕ್ ಇದ್ದನಲ್ರಿ, ನಿಂದ್ರಸಬೇಕಿತ್ತು. ನನಗರ ಹೇಳಬೇಕಿತ್ತು" ಎಂದೆ.

"ಅವ್ವಾರು ಆಗಷ್ಟ ಕಣ್ಣ ಮುಚ್ಚಿದ್ರು, ಹೆಂಗ ನಿಂದ್ರಸಲಿ? ನಿಮಗ ಹೇಳಿದ್ರ ನೀವು ಅಂಜತಿದ್ರಿ" ಎಂದು ಹುಸೇನಸಾಬರು ಎದ್ದು ಪಾಯಜಾಮದ ಧೂಳು ಕೊಡವಿಕೊಂಡರು. "ನಿಮ್ಮ ಮಾರಿ ನೋಡಿ ಅವರಿಗೆ ಎಚ್ಚರ ಆಗತಿತ್ತು."