ಸುತ್ತು ಎಣಿಸುವ ಚುಕ್ಕಿ ಅಕ್ಕ

ಬೆಳಿಗ್ಗೆ ಐದೂವರೆ. ಚುಕ್ಕಿ ಅಕ್ಕ ಗಾಡಿಗಳ ಮೇಲೆ ಕಣ್ಣಿಡುವ ಸಂಸ್ಥೆಯ ಕಚೇರಿಗೆ ಬಂದವರೇ ಚಪ್ಪಲಿಯನ್ನು ಮೇಜಿನ ಕೆಳಗೆ ತಳ್ಳಿ, ಸ್ವೆಟರ್ ಏರಿಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿಕೊಳ್ಳುತ್ತಾರೆ. ಎದುರಿಗೆ ಮೂರು ಪರದೆ, ಪರದೆಯಲ್ಲಿ ಊರಿನ ನಕ್ಷೆ, ನಕ್ಷೆಯ ತುಂಬ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಟ್ರ್ಯಾಕರ್ ಕೂರಿಸಿದ ಒಂದೊಂದು ಕಾರು. ಟೀ ಅರ್ಧಕ್ಕೆ ಬಂದಿಲ್ಲ, ಒಂದು ಚುಕ್ಕಿ ಕೆಂಪಗೆ ಮಿಣುಕತೊಡಗುತ್ತದೆ. ಯಾರೋ ಅಲಾರಂ ಆರಿಸದೆ ಬಾಗಿಲು ತೆಗೆದಿದ್ದಾರೆ. ಅವರ ಬಗ್ಗೆ ಬರೆಯಲೆಂದು ಪಕ್ಕದಲ್ಲಿ ಕೂತ ನಾನು ಕಳ್ಳನೇ ಇರಬೇಕೆಂದು ಎದ್ದು ನಿಲ್ಲುತ್ತೇನೆ. ಅಕ್ಕನಿಗೆ ಅದೆಲ್ಲ ಇಲ್ಲ. ಮಾಲೀಕರಿಗೆ ಫೋನ್ ಮಾಡಿ, ಮನೆಯವರೆಲ್ಲ ಮನೆಯಲ್ಲೇ ಇದ್ದಾರಾ ಒಮ್ಮೆ ಎಣಿಸಿ ನೋಡಿ ಎನ್ನುತ್ತಾರೆ. ಎಣಿಸಿದರೆ ಮಾವನವರು ಕಡಿಮೆ! ಹಿಂದಿನ ದಿನ ಕಾರಲ್ಲಿ ಬಿಟ್ಟ ಊರುಗೋಲು ತರಲು ಹೋದವರು, ಅಲಾರಂ ಕೂಗಿಗೆ ಬೆದರಿ ಅಲ್ಲೇ ಕಾರೊಳಗೆ ಕೂತಿದ್ದಾರಂತೆ.

ನಾಲ್ಕು ಸಾವಿರದ ಇನ್ನೂರು ಗಾಡಿ ಅಕ್ಕನ ಕಣ್ಗಾವಲಿನಲ್ಲಿವೆ. ಒಂದು ಪಾಳಿಯಲ್ಲಿ ಅರವತ್ತು ಅಲಾರಂ ಬಂದರೆ ಐವತ್ತೊಂಬತ್ತು ಬೆಕ್ಕು, ಗಾಳಿ, ಹೇಳದೆ ಗಾಡಿ ಒಯ್ದ ಭಾಮೈದ. ಉಳಿದ ಒಂದಕ್ಕಾಗಿಯೇ ಅವರು ಹತ್ತೊಂಬತ್ತು ವರ್ಷದಿಂದ ಈ ಕುರ್ಚಿ ಸವೆಸುತ್ತಿರುವುದು. ಅವರಿಗೆ ಸ್ವಂತ ಗಾಡಿಯಿಲ್ಲ, ಓಡಿಸಲೂ ಬರುವುದಿಲ್ಲ. ದಿನಾ ಮೊದಲ ಬಸ್ಸಿಗೆ ಬರುತ್ತಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಯಜಮಾನರದು ಒಂದೇ ದೂರು: ಊರವರ ಗಾಡಿ ಎಲ್ಲೆಲ್ಲಿದೆ ಇವಳಿಗೆ ಗೊತ್ತು, ಗಂಡನ ಕನ್ನಡಕ ಎಲ್ಲಿದೆ ಮಾತ್ರ ಗೊತ್ತಿಲ್ಲ.

ಮೇಜಿನ ಮೇಲೊಂದು ಉದ್ದನೆಯ ನೋಟ್‌ಬುಕ್ಕಿದೆ. ರಟ್ಟು ಕಿತ್ತುಬಂದು ಅಂಟಿನ ಪಟ್ಟಿ ಹಚ್ಚಿಸಿಕೊಂಡಿದೆ. ಮೊದಲ ಪುಟದಲ್ಲಿ ಒಂದೇ ಒಂದು ಗಾಡಿಯ ನಂಬರು. ಅದು ಯಾರದು ಅಂದೆ. ಅಕ್ಕನ ನಗು ಅಲ್ಲಿಗೆ ನಿಂತಿತು.

ಒಂಬತ್ತು ವರ್ಷದ ಹಿಂದಿನ ಮಾತು. ತರಕಾರಿ ವ್ಯಾಪಾರಿಯೊಬ್ಬರ ವ್ಯಾನ್ ಕಳುವಾಯಿತು. ಚುಕ್ಕಿ ನೇರವಾಗಿ ರೈಲು ನಿಲ್ದಾಣದ ಎದುರಿನ ವಾಹನ ನಿಲುಗಡೆ ಕಟ್ಟಡಕ್ಕೆ ಹೋಗಿ ನಿಂತಿತು. ಅಕ್ಕ ಪೊಲೀಸರಿಗೆ ಜಾಗ ಹೇಳಿದರು. ಪೊಲೀಸರು ಹೋದರು, ನೆಲಮಹಡಿಯೆಲ್ಲ ಜಾಲಾಡಿದರು, ಏನೂ ಇಲ್ಲ ಅಂದರು. ಪರದೆಯ ಮೇಲೆ ಚುಕ್ಕಿ ಅಲ್ಲೇ ಕೂತಿತ್ತು. ಅದು ಆರು ಮಹಡಿಯ ಕಟ್ಟಡ ಎನ್ನುವುದು ಚುಕ್ಕಿಗೂ ಗೊತ್ತಿಲ್ಲ, ಅಲ್ಲಿಗೆ ಯಾವತ್ತೂ ಹೋಗಿರದ ಅಕ್ಕನಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮೇಲೆಲ್ಲೋ ಕಳ್ಳರು ಟ್ರ್ಯಾಕರ್ ಕಿತ್ತೆಸೆದು, ಪೊಲೀಸರ ಮೂಗಿನಡಿಯಲ್ಲೇ ವ್ಯಾನ್ ಇಳಿಸಿಕೊಂಡು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಅವತ್ತು ಮನೆಗೆ ಹೋಗಿ ಊಟ ಮಾಡಕ್ಕಾಗಲಿಲ್ಲ. ನಕ್ಷೇಲಿ ಎಲ್ಲಾ ಒಂದೇ ಮಟ್ಟ ಕಣ್ರೀ. ಎತ್ತರ ಅನ್ನೋದು ನನ್ನ ತಲೇಲಿರಬೇಕಿತ್ತು" ಎನ್ನುತ್ತಾರೆ.

ತರಕಾರಿ ಅಣ್ಣ ಒಳ್ಳೆ ಮನುಷ್ಯ. ಸಾಲ ಸೋಲ ಅಂತ ಗೋಳಾಡದೆ ಬೇರೆ ಗಾಡಿ ಮಾಡಿಕೊಂಡು, ಅದಕ್ಕೂ ಇಲ್ಲಿಂದಲೇ ಟ್ರ್ಯಾಕರ್ ಹಾಕಿಸಿದರು. ಆದರೆ ಪ್ರತಿಸಲ ಫೋನಲ್ಲಿ ಸಿಕ್ಕಾಗಲೂ ಒಂದು ಕುಟುಕು: ನನ್ನ ಹಳೇ ವ್ಯಾನ್ ಎಷ್ಟನೇ ಮಹಡಿಯಲ್ಲಿತ್ತು ಅಂತ ಗೊತ್ತಾಯ್ತಾ ಅಕ್ಕಾ? ತಮಾಷೆಗೇ ಕೇಳುತ್ತಾರೆ. ಅಕ್ಕನಿಗೆ ಮಾತ್ರ ಅದು ಚುರ್ ಅನ್ನುತ್ತದೆ.

ಆ ಉರಿಯಲ್ಲೇ ಅಕ್ಕ ಚುಕ್ಕಿಗಳು ಓಡಾಡಿದ ಹಳೆಯ ದಾಖಲೆಗಳನ್ನು ತೆಗೆದು ಕೂತರು. ಕಟ್ಟಡದ ಹೊರಗೋಡೆಗೆ ಸುತ್ತಿಕೊಂಡು ಮೇಲೇರುವ ಇಳಿಜಾರು ದಾರಿಯಿದೆ. ಗಾಡಿ ಒಂದು ಮಹಡಿ ಏರಿದರೆ ಚುಕ್ಕಿ ಒಂದು ಸುತ್ತು ಹಾಕುತ್ತದೆ. ಸುತ್ತು ಎಣಿಸಿದರೆ ಮಹಡಿ ಸಿಕ್ಕಿತು. ಅಷ್ಟೇ! ಇಷ್ಟು ದೊಡ್ಡ ಸಂಸ್ಥೆಯಲ್ಲಿ ಯಾರಿಗೂ ಹೊಳೆಯದ್ದು ಬೆರಳು ಮಡಚಿ ಎಣಿಸುವ ಹೆಂಗಸಿಗೆ ಹೊಳೆಯಿತು. ಊರಿನ ಇಪ್ಪತ್ತಾರು ಕಟ್ಟಡಗಳ ಸುತ್ತಿನ ಲೆಕ್ಕ ಈಗ ಆ ನೋಟ್‌ಬುಕ್ಕಿನಲ್ಲಿದೆ.

ಕಳೆದ ವರ್ಷ ಅದು ಕೈಹಿಡಿಯಿತು. ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ಲೆಕ್ಕದ ಟೀಚರ್ ಒಬ್ಬರ ಫೋನ್ ಬಂತು. ಚಿಕ್ಕಂದಿನಿಂದ ಎರಡೂ ಕಾಲಿಗೆ ಬಲವಿಲ್ಲದವರು. ಅವರ ಕಾರಿನ ಬ್ರೇಕು, ವೇಗ ಎಲ್ಲ ಕೈಯಲ್ಲಿ ಹಿಡಿಯುವ ಒಂದು ಲಿವರಿನಲ್ಲಿ. ಕಾಲಿನ ಪೆಡಲ್‌ಗಳಿಗೆ ಮುಚ್ಚಳ. ಕೀಲಿ ಕಾರಿನಲ್ಲೇ ಬಿಟ್ಟು ಉತ್ತರಪತ್ರಿಕೆ ತರಲು ಮನೆಯೊಳಗೆ ಹೋಗಿ ಬರುವಷ್ಟರಲ್ಲಿ ಒಬ್ಬ ಹತ್ತಿ ಕೂತಿದ್ದ. "ನನ್ನ ಕಾರು ಹೋಗ್ತಿದೆ. ನಾನು ಗಾಲಿಕುರ್ಚೀಲಿ ಕೂತು ನೋಡ್ತಿದ್ದೀನಿ" ಎಂದರಂತೆ ಟೀಚರ್. ಆ ಕಾರಿಲ್ಲದಿದ್ದರೆ ಶಾಲೆಯಿಲ್ಲ, ಶಾಲೆಯಿಲ್ಲದಿದ್ದರೆ ಅವರು ನಾಲ್ಕು ಗೋಡೆಯ ನಡುವೆಯೇ. ಅಂಥದ್ದೇ ಇನ್ನೊಂದು ಕಾರು ಸಿದ್ಧವಾಗಲು ತಿಂಗಳುಗಟ್ಟಲೆ ಬೇಕು.

ಕಳ್ಳನಿಗೋ, ಕೈಯಲ್ಲಿ ಓಡಿಸಿ ಗೊತ್ತಿಲ್ಲ. ಚುಕ್ಕಿ ಆಗತಾನೆ ನಡೆಯಲು ಕಲಿತ ಮಗುವಿನ ಹಾಗೆ ನಾಲ್ಕು ಹೆಜ್ಜೆ ಇಡುತ್ತಿತ್ತು, ಮುಗ್ಗರಿಸುತ್ತಿತ್ತು, ಮತ್ತೆ ಏಳುತ್ತಿತ್ತು. ಕೊನೆಗೆ ಹೋಗಿದ್ದು ಎಲ್ಲಿಗೆ? ಅದೇ ರೈಲು ನಿಲ್ದಾಣದ ಎದುರಿನ ಕಟ್ಟಡಕ್ಕೆ. ಅಕ್ಕ ಟೀ ಬದಿಗಿಟ್ಟರಂತೆ. ಚುಕ್ಕಿ ಸುತ್ತಿದ ಹಾಗೆಲ್ಲ ಬೆರಳು ಮಡಚಿದರು. ಐದು ಸುತ್ತು. ಐದನೇ ಮಹಡಿ ಎಂದು ಪೊಲೀಸರಿಗೆ ಹೇಳಿದರು. ಅವರು ನೇರ ಐದಕ್ಕೇ ಹತ್ತಿದರು. ಭೂಪ ಕಾರನ್ನು ಕಂಬಕ್ಕೆ ಆನಿಸಿ, ಹಿಂದಕ್ಕೆ ತೆಗೆಯುವುದು ಹೇಗೆ ತಿಳಿಯದೆ ಬೆವರುತ್ತ ಕೂತಿದ್ದ.

ಕಳ್ಳನಿಗೊಂದು ಪಿಳ್ಳೆ ನೆವ. ಕೋರ್ಟಿನಲ್ಲಿ ಅವನ ವಾದ ಹೀಗಿತ್ತು: ಕಾರು ಓಡಿಸಿದವನು ಬೇರೆ ಯಾರೋ, ನಾನು ಮೇಲೆ ಬಾಗಿಲು ತೆರೆದಿತ್ತೆಂದು ಸುಮ್ಮನೆ ಕೂತೆ. ಓಡಿಸಿಯೇ ಇಲ್ಲ ಎಂದಾದರೆ ವಾಹನ ಚಾಲನೆ ನಿಷೇಧಿಸುವಂತಿಲ್ಲ. ಹಿಂದೆಯೂ ಎರಡು ಕಾರು ಎಗರಿಸಿದವನು ಮತ್ತೆ ರಸ್ತೆಗೆ. ಹಾಗಾಗಿ ಎಲ್ಲ ಬಂದು ನಿಂತದ್ದು ಅಕ್ಕನ ಸಾಕ್ಷ್ಯದ ಮೇಲೆ. ಕಾರಿನ ಬಾಗಿಲು ತೆರೆದರೆ ಪರದೆಯಲ್ಲಿ ಗುರುತು ಬೀಳುತ್ತದೆ. ಅವತ್ತು ಟೀಚರ್ ಮನೆಮುಂದೆ ಒಮ್ಮೆ, ಐದನೇ ಮಹಡಿಯಲ್ಲಿ ಪೊಲೀಸರು ತೆಗೆದಾಗ ಒಮ್ಮೆ, ಮಧ್ಯೆ ಎಲ್ಲೂ ಇಲ್ಲ, ಅಂದರೆ ಹತ್ತಿದವನೇ ಇಳಿದವನು ಎಂದು ಅಕ್ಕ ತೋರಿಸಿದರು. ಆ ಕಟ್ಟಡವನ್ನೇ ನೋಡಿಲ್ಲದ ನೀವು ಮಹಡಿ ಹೇಗೆ ಹೇಳುತ್ತೀರಿ, ನೀವು ತಪ್ಪೇ ಮಾಡುವುದಿಲ್ಲವೇ ಎಂದು ಅವನ ವಕೀಲರು ಕೆಣಕಿದರು.

ಅಕ್ಕ ತರಕಾರಿ ಅಣ್ಣನ ವ್ಯಾನಿನ ಕಥೆಯನ್ನು ತುಂಬಿದ ಕೋರ್ಟಿನಲ್ಲಿ ತಾವೇ ಹೇಳಿಬಿಟ್ಟರು. "ಇದೇ ಕಟ್ಟಡದಲ್ಲಿ ತಪ್ಪಿದ್ದೀನಿ ಸ್ವಾಮಿ. ತಪ್ಪಿದ್ದಕ್ಕೇ ಎಣಿಸೋದು ಕಲಿತೆ."

ಒಂದು ವರ್ಷ ಜೈಲು, ಹೊರಬಂದ ಮೇಲೆ ಮೂರು ವರ್ಷ ಯಾವ ಗಾಡಿಯನ್ನೂ ಓಡಿಸುವಂತಿಲ್ಲ. ಟೀಚರಿಗೆ ಜೈಲಿಗಿಂತ ನಿಷೇಧವೇ ಖುಷಿ. "ಅವನೂ ಒಂದಷ್ಟು ದಿನ ಬೇರೆಯವರ ಗಾಡಿಗೆ ಕಾಯಲಿ. ಆಗ ನನ್ನ ಕಷ್ಟ ಗೊತ್ತಾಗುತ್ತೆ" ಎಂದು ನನ್ನೆದುರೇ ನಕ್ಕರು. ಪೊಲೀಸರ ಪ್ರಕಟಣೆಯಲ್ಲಿ ಮಾತ್ರ ಅಕ್ಕನ ಸುದ್ದಿಯಿಲ್ಲ. ತಾಂತ್ರಿಕ ಮಾಹಿತಿ ಆಧರಿಸಿ ಆರೋಪಿಯನ್ನು ಹಿಡಿಯಲಾಯಿತು ಎಂದಿತ್ತು. ಪತ್ರಿಕೆಯಲ್ಲಿ ಬಂದ ಆ ತುಣುಕನ್ನು ಕತ್ತರಿಸಿ ಫ್ಲಾಸ್ಕಿಗೆ ಅಂಟಿಸಿಕೊಂಡಿದ್ದಾರೆ. "ತಾಂತ್ರಿಕ ಮಾಹಿತಿ ಅಂದ್ರೆ ನಾನೇ" ಎನ್ನುತ್ತಾರೆ.

ತೀರ್ಪು ಬಂದ ಸಂಜೆ ಟೀಚರ್ ತಮ್ಮ ಕಾರಿನಲ್ಲಿ ಅಕ್ಕನನ್ನು ಆ ಕಟ್ಟಡ ಹತ್ತಿಸಿದರು. ಅಕ್ಕ ದಾರಿಯುದ್ದಕ್ಕೂ ಬೆರಳು ಮಡಚುತ್ತಿದ್ದರಂತೆ. ಐದನೇ ಬೆರಳಿಗೆ ಐದನೇ ಮಹಡಿ ಬಂತು. ಲೆಕ್ಕದ ಟೀಚರ್ ಪೂರ್ತಿ ಅಂಕ ಕೊಟ್ಟರು. ಇಳಿಯುವಾಗ ಅಕ್ಕ ನಾಲ್ಕನೇ ಮಹಡಿಯಲ್ಲಿ ಕಾರು ನಿಲ್ಲಿಸಿ ಅಂದರು. ಒಬ್ಬರೇ ಇಳಿದು, ಖಾಲಿ ಬಿದ್ದಿದ್ದ ಮೂಲೆಯಲ್ಲಿ ನಿಂತು ತರಕಾರಿ ಅಣ್ಣನಿಗೆ ಫೋನ್ ಮಾಡಿದರು. ಹಳೆಯ ದಾಖಲೆಯಲ್ಲಿ ಆ ವ್ಯಾನಿನ ಸುತ್ತು ಎಂದೋ ಎಣಿಸಿಟ್ಟಿದ್ದರು. ಹೇಳಲು ಮುಖವಿರಲಿಲ್ಲ ಅಷ್ಟೇ.

"ನಾಲ್ಕನೇ ಮಹಡಿ ಅಣ್ಣಾ. ಅಲ್ಲೇ ನಿಂತಿದ್ದೀನಿ" ಎಂದರಂತೆ.

ಅದಕ್ಕೆ ಅಣ್ಣ ಹೇಳಿದ್ದು ಇಷ್ಟೇ: "ಬಸ್ಸಿಗೆ ಹೊತ್ತಾಯ್ತಲ್ಲ ಅಕ್ಕಾ, ಅಲ್ಲೇ ಇರಿ. ಹೊಸ ವ್ಯಾನ್ ತರ್ತೀನಿ, ಮನೆಗೆ ಬಿಡ್ತೀನಿ."