ನೊಗ ಹೊತ್ತ ಕಲ್ಲಿನ ಕತ್ತೆ

ಪೇಟೆಯ ನಾಲ್ಕು ರಸ್ತೆ ಕೂಡುವಲ್ಲಿ, ಬೇರೆ ಊರಾಗಿದ್ದರೆ ಕುದುರೆ ಏರಿದ ವೀರನೊಬ್ಬ ನಿಂತಿರುತ್ತಿದ್ದ. ಈ ಊರಲ್ಲಿ ನಿಂತಿರುವುದು ಕತ್ತೆ. ಕಪ್ಪು ಕಲ್ಲಿನ ಕತ್ತೆ, ಕೊರಳಿಗೆ ನೊಗ. ಹೊಸಬರು ನೋಡಿ ನಗುತ್ತಾರೆ. ಗಂಜಿಯಕ್ಕನಿಗೆ ಅದರಿಂದ ಬೇಸರವಿಲ್ಲ. ಒಂದು ಕಾಲಕ್ಕೆ ಊರಿನವರೂ ಹಾಗೇ ನಕ್ಕಿದ್ದರು.

ಅವಳು ಹೊಳೆದಂಡೆಯಲ್ಲಿ ಊರಿನ ಬಟ್ಟೆ ಒಗೆಯುತ್ತಿದ್ದವಳು. ಅವಳು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ ತೊಟ್ಟವನು ಬಗ್ಗುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ. ಆ ಹೆಸರು ಬಂದದ್ದು ಹಾಗೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವಳು, ಮಗಳು, ನಾಲ್ಕು ಕತ್ತೆ. ಮುಂದಿನ ಕೋಣೆಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಹಗ್ಗದ ತುಂಬ ಊರಿನವರ ಬಟ್ಟೆ. ಹಿಂದಿನ ಕೊಟ್ಟಿಗೆಯಲ್ಲಿ ಕತ್ತೆಗಳು. ಅವುಗಳಲ್ಲಿ ದೊಡ್ಡದು ಕರಿಗಿವಿ, ಮಹಾ ಮೊಂಡು. ಮೇಲಿನ ಹೊಲದ ಯಜಮಾನರ ಬದುವಿನ ಹುಲ್ಲಿಗೆ ಅದು ಬಾಯಿ ಹಾಕದ ದಿನವಿಲ್ಲ.

"ಇನ್ನೊಂದ್ಸಲ ನನ್ನ ಹೊಲಕ್ಕೆ ಬಂದ್ರೆ ಕಾಲು ಮುರೀತೀನಿ" ಎಂದು ಯಜಮಾನರು ಬಡಿಗೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದರು.

ಆಮೇಲೆ ದನಗಳಿಗೆ ಬೇನೆ ಬಂತು. ಮೊದಲು ಮೇವು ಬಿಡುತ್ತಿದ್ದವು, ಬಾಯಲ್ಲಿ ಜೊಲ್ಲು, ಆಮೇಲೆ ಮಲಗಿದರೆ ಏಳುತ್ತಿರಲಿಲ್ಲ. ಕೊಟ್ಟಿಗೆಗಳು ಒಂದೊಂದಾಗಿ ಬರಿದಾದವು. ಕತ್ತೆಗಳನ್ನು ಮಾತ್ರ ಆ ಬೇನೆ ಮುಟ್ಟಲಿಲ್ಲ. ಅದೇ ಹೊತ್ತಿಗೆ, ಹೊಟ್ಟೆ ಉರಿಸುವ ಹಾಗೆ, ಒಳ್ಳೆಯ ಮಳೆ ಸುರಿಯಿತು. ನೆಲ ಹದಕ್ಕೆ ಬಂದಿತ್ತು, ಉಳುವುದಕ್ಕೆ ಊರಲ್ಲಿ ಒಂದೂ ಎತ್ತಿರಲಿಲ್ಲ. ಟ್ರಾಕ್ಟರನ್ನು ಜನ ಆಗಿನ್ನೂ ಚಿತ್ರದಲ್ಲಷ್ಟೇ ಕಂಡಿದ್ದರು. ಯಜಮಾನರು ತಾವೇ ನೊಗಕ್ಕೆ ಹೆಗಲು ಕೊಟ್ಟು, ಹೆಂಡತಿಯ ಕೈಗೆ ನೇಗಿಲು ಕೊಟ್ಟಿದ್ದನ್ನು ಗಂಜಿಯಕ್ಕ ಹೊಳೆಯಿಂದಲೇ ನೋಡಿದಳು. ಅರ್ಧ ಸಾಲಿಗೇ ಅವರು ಕುಸಿದು ಕೂತರು.

ಸಂಜೆ ಅವರು ಅವಳ ಬಾಗಿಲಲ್ಲಿ ನಿಂತಿದ್ದರು.

"ತಂಗೀ, ಹದ ಆರಿಹೋಗ್ತಿದೆ. ನಿನ್ನ ಕತ್ತೆ..." ಎಂದು ಕೊಟ್ಟಿಗೆಯ ಕಡೆ ನೋಡಿದರು.

"ಕಾಲು ಮುರೀತೀನಿ ಅಂತಿದ್ರಿ. ಈಗ ಕತ್ತೆ ಕಾಲು ಹಿಡಿಯೋಕೆ ಬಂದ್ರಾ?" ಎಂದಳು ಒಳಗಿನಿಂದ ಮಗಳು.

ಗಂಜಿಯಕ್ಕ ಅವಳನ್ನು ಸುಮ್ಮನಿರಿಸಿದಳು. ಯಜಮಾನರ ಹೆಗಲ ಮೇಲೆ ಬಾಸುಂಡೆ ಎದ್ದಿತ್ತು. "ಬೆಳಗ್ಗೆ ಕರ್ಕೊಂಡು ಬರ್ತೀನಿ. ಬಡಿಗೆ ಮನೇಲೇ ಇಟ್ಟು ಬನ್ನಿ" ಎಂದಳು.

ಎತ್ತಿನ ನೊಗ ಕತ್ತೆಯ ಕೊರಳಿಗೆ ದೊಡ್ಡದಾಯಿತು. ಬಡಗಿ ಸಣ್ಣದೊಂದನ್ನು ಕೆತ್ತಿಕೊಟ್ಟ. ಗಂಜಿಯಕ್ಕ ಹಳೆ ಕಂಬಳಿ ಮಡಿಸಿ ಅದಕ್ಕೆ ಮೆತ್ತೆ ಹೊಲಿದಳು. ಮೊದಲ ಸಾಲಿನಲ್ಲೇ ಕರಿಗಿವಿ ಮಲಗಿಬಿಟ್ಟಿತು. ಬದುವಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮುಂದೆ ಹೋಗಿ, ಹೊಳೆಯ ದಾರಿಯಲ್ಲಿ ಕರೆಯುವಂತೆ ನಾಲಿಗೆಯಲ್ಲಿ ಲೊಚಗುಟ್ಟುತ್ತ ನಡೆದಳು. ಕತ್ತೆ ಎದ್ದು ಹಿಂದೆ ಬಂತು, ನೇಗಿಲೂ ಬಂತು. ನಗು ನಿಂತಿತು.

ಮರುದಿನ ಪಕ್ಕದ ಹೊಲದವರು ಕರೆದರು. ಬಟ್ಟೆ ಒಗೆಯುವ ಉಳಿದ ಮನೆಯವರೂ ತಮ್ಮ ಕತ್ತೆಗಳನ್ನು ತಂದರು. ಬಿತ್ತನೆ ಮುಗಿಯುವವರೆಗೆ ಊರಿಗೆ ಊರೇ ಕೊಳೆ ಬಟ್ಟೆಯಲ್ಲಿ ಓಡಾಡಿತು. ಮೇಷ್ಟರ ಕಾಲರ್ ಕಪ್ಪಾಯಿತು, ಮದುವೆಯ ಗಂಡು ಮುದುಡಿದ ಅಂಗಿಯಲ್ಲೇ ನಿಂತ. ಯಾರೂ ಚಕಾರ ಎತ್ತಲಿಲ್ಲ. ಕೊನೆಯ ಹೊಲದಲ್ಲಿ ಅವಳ ಎಳೆಯ ಕತ್ತೆ ನೊಗದಡಿಯೇ ಉಸಿರುಬಿಟ್ಟಿತು. ಅವಳು ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಗುಂಡಿ ತೋಡಿದವರು ಯಜಮಾನರು. ಬೇರೆಯವರು ಹಾರೆಗೆ ಕೈ ಚಾಚಿದರೂ ಕೊಡಲಿಲ್ಲ.

ಬೆಳೆ ಅರ್ಧವೇ ಬಂತು. ಆದರೆ ಯಾರೂ ಊರು ಬಿಡಬೇಕಾಗಲಿಲ್ಲ.

ಎಷ್ಟೋ ವರ್ಷದ ಮೇಲೆ, ಪೇಟೆಯಲ್ಲೊಂದು ಸ್ಮಾರಕ ಬೇಕೆಂದು ಸಭೆ ಸೇರಿತು. ಎತ್ತಿನ ವಿಗ್ರಹ ಇರಲಿ ಎಂದು ಯಾರೋ ಅಂದರು. ಯಜಮಾನರು ಎದ್ದು ನಿಂತರು. "ಎತ್ತು ಸತ್ತ ವರ್ಷ ನಮ್ಮನ್ನ ಉಳಿಸಿದ್ದು ಯಾವುದು? ಅದನ್ನೇ ನಿಲ್ಸಿ. ನಗೋರು ನಗ್ಲಿ."

ಈಗ ಮನೆಮನೆಯಲ್ಲೂ ಬಟ್ಟೆ ಒಗೆಯುವ ಯಂತ್ರವಿದೆ. ಮಗಳು ಇಸ್ತ್ರಿ ಅಂಗಡಿ ಇಟ್ಟಿದ್ದಾಳೆ. ಗಂಜಿಯಕ್ಕನಿಗೆ ನೆನಪಾಗುವುದು ದುಡಿಮೆಯಲ್ಲ, ಅದು ಸೊಂಟ ಮುರಿದಿತ್ತು. ಬೆಳಗಿನ ಮಂಜಿನಲ್ಲಿ ಹೊಳೆಯ ಇಳಿಜಾರಿನಲ್ಲಿ ಒಂದರ ಹಿಂದೊಂದು ಇಳಿಯುತ್ತಿದ್ದ ಗೊರಸುಗಳ ಸದ್ದು. ಸಂಜೆ ಅವಳು ಕಲ್ಲುಕತ್ತೆಯ ಕಟ್ಟೆಯ ಮೇಲೆ ಬಂದು ಕೂರುತ್ತಾಳೆ. ಮುದುಕರಾದ ಯಜಮಾನರೂ ಬರುತ್ತಾರೆ.

"ನೋಡಿದ್ರೆ ಥೇಟ್ ನಿನ್ನ ಕರಿಗಿವೀನೇ, ಅಲ್ವಾ ತಂಗಿ?" ಎಂದರು ಅವರು ಒಮ್ಮೆ.

"ಎಲ್ಲಿ ಬಂತು ಅಣ್ಣಾ. ನಿಲ್ಲು ಅಂದ ಕಡೆ ಇದು ನಿಂತಿದೆ" ಎಂದಳು ಗಂಜಿಯಕ್ಕ.