ಕೊಬ್ಬರಿ ವ್ಯಾಪಾರಿಯ ಮನೆಯ ಪಿಯಾನೊ

ಮೊನ್ನೆ ಅಡುಗೆಮನೆಯ ಅಟ್ಟ ಒರೆಸುವಾಗ ಮೂಲೆಯಲ್ಲಿ ಮರೆತುಹೋಗಿದ್ದ ಕೊಬ್ಬರಿ ಎಣ್ಣೆಯ ಸೀಸೆ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಕಮಟು ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆ ಬಂದರೆ ನನಗೆ ಪಿಯಾನೊ ನೆನಪಾಗುತ್ತದೆ. ಹೇಳಿದರೆ ಜನ ನಗುತ್ತಾರೆ.

ಅರಸೀಕೆರೆಯಲ್ಲಿ ನಮ್ಮ ಎದುರುಮನೆಯವರದು ಕೊಬ್ಬರಿ ವ್ಯಾಪಾರ. ಆ ಮನೆಯ ಯಜಮಾನರನ್ನು ಮಾವ, ಅವರ ಹೆಂಡತಿಯನ್ನು ಅತ್ತೆ ಎಂದೇ ಕರೆಯುತ್ತಾ ಬೆಳೆದವಳು ನಾನು. ಅರೇಹಳ್ಳಿ ಕಡೆಯ ಕಾಫಿ ತೋಟದ ಬಂಗಲೆಯೊಂದರ ಸಾಮಾನು ಹರಾಜಿಗೆ ಬಂದಾಗ, ಊಟದ ಮೇಜು ತರುತ್ತೇನೆಂದು ಹೋದ ಮಾವ ಲಾರಿಯಲ್ಲಿ ಪಿಯಾನೊ ಹೇರಿಕೊಂಡು ಬಂದರು. ಅತ್ತೆ ಒಂದಷ್ಟು ದಿನ ಅದರ ಮೇಲೆ ಒಗೆದ ಬಟ್ಟೆ ಮಡಚಿಟ್ಟರು. ಆಮೇಲೆ ಅದೇನನ್ನಿಸಿತೋ... ಐವತ್ತು ದಾಟಿದ ಹೆಂಗಸು, ಮೊಬೈಲನ್ನು ಅದರ ಮೇಲೆ ನಿಲ್ಲಿಸಿಕೊಂಡು, ವೀಡಿಯೊ ನೋಡಿ ಕಲಿಯತೊಡಗಿದರು.

ಅವರು ಕಲಿಯಲು ಹಿಡಿದದ್ದು ಯುರೋಪಿನ ಹಳೇ ಅರಮನೆಯ ಕುಣಿತಕ್ಕೆಂದು ಬರೆದ ಒಂದು ಪುಟ್ಟ ರಚನೆ. ಮಳೆಗಾಲ, ಚಳಿಗಾಲ ಪೂರ್ತಿ ಬಲಗೈ ಒಂದೇ, ಆಮೇಲೆ ಎಡಗೈ ಒಂದೇ. ಕೇಳಿ ಕೇಳಿ ನಮ್ಮ ಬೀದಿಯವರಿಗೆ ತಲೆ ಚಿಟ್ಟು ಹಿಡಿದಿತ್ತು. ಒಂದು ಬೆಳಿಗ್ಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಓಡಿಬಂದರು.

“ಬಾರೇ ಇಲ್ಲಿ! ಎರಡು ಕೈನೂ ಒಟ್ಟಿಗೆ ಬಂದ್ವು ಕಣೇ! ಮದುವೇಲೂ ನಂಗಿಷ್ಟು ಖುಷಿ ಆಗಿರ್ಲಿಲ್ಲ!”

ಮಾವನೂ ಅವರ ಹಿಂದೆಯೇ ಬಂದಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ. ಇನ್ನು ಕೊನೆಯ ಭಾಗವೊಂದು ಬಾಕಿಯಿತ್ತು. ಅದನ್ನು ಕಲಿತ ದಿನ ಪೂರ್ತಿ ಬಾರಿಸಿ ಮಾವನಿಗೆ ಕೇಳಿಸಬೇಕು ಎಂಬುದೊಂದೇ ಅತ್ತೆಯ ಆಸೆ.

ಮತ್ತೆ ಮಳೆ ಹಿಡಿಯಿತು. ತೇವಕ್ಕೆ ಪಿಯಾನೊದ ಕೀಗಳು ಬಿಗಿಯಾದವು, ಅತ್ತೆ ಗೊಣಗಿದರು. ಅವರು ಗಂಡಸಿ ಎಂಬ ಊರಿಗೆ ಮದುವೆಗೆಂದು ಹೋಗಿದ್ದ ದಿನ, ಮಾವ ಅಂಗಡಿಯ ತಕ್ಕಡಿ ಬಿಗಿಯಾದರೆ ಮಾಡುವುದನ್ನೇ ಮಾಡಿದರು. ಪಿಯಾನೊದ ಮುಂದಿನ ಹಲಗೆ ಕಳಚಿ, ಗಾಣದಿಂದ ತಂದ ಹೊಸ ಕೊಬ್ಬರಿ ಎಣ್ಣೆಯನ್ನು ತಂತಿಗೆ, ತಂತಿ ಬಡಿಯುವ ಉಣ್ಣೆಯ ಸುತ್ತಿಗೆಗಳಿಗೆ, ಒಂದೂ ಬಿಡದೆ ಬಳಿದರು.

“ಈಗ ಬಾರಿಸು ನೋಡನ, ಬೆಣ್ಣೆ ಇದ್ದಂಗೈತೆ,” ಅಂದರು ಸಂಜೆ.

ಅತ್ತೆ ಒತ್ತಿದರು. ಒದ್ದೆ ಮರ ತಟ್ಟಿದಂತೆ ಡಬ್ ಎಂದಿತು.

ಮೈಸೂರಿನಿಂದ ಬಂದ ರಿಪೇರಿಯವರು ಒಳಗೆ ಬಗ್ಗಿ ನೋಡಿ, ಉಣ್ಣೆಯೆಲ್ಲ ಎಣ್ಣೆ ಕುಡಿದಿದೆ, ಇದನ್ನಿನ್ನು ಉಳಿಸಲಾಗದು ಎಂದರು. ಆಗ ಮಾವ ಅಂಗಡಿಯಲ್ಲಿದ್ದರು.

“ತೇವಕ್ಕೆ ಹಿಂಗಾಗೈತೆ ಅಂತ ನಮ್ಮನೆಯವರಿಗೆ ಹೇಳ್ಬಿಡಿ,” ಅಂದರು ಅತ್ತೆ. ನನ್ನ ಕಡೆ ತಿರುಗಿ, “ನೀನೂ ಬಾಯಿ ಬಿಡಬ್ಯಾಡ ಕಣೇ. ಗೊತ್ತಾದ್ರೆ ಅವರು ತಡ್ಕಳಲ್ಲ.”

ಒಂದು ಎಲೆಕ್ಟ್ರಿಕ್ ಕೀಬೋರ್ಡ್ ತಂದುಕೊಡುತ್ತೇನೆ ಅಂದೆ.

“ಬ್ಯಾಡ. ಅದು ಬಂದ್ರೆ ಇದು ಸತ್ತೈತೆ ಅಂತ ಅವರಿಗೆ ಗೊತ್ತಾಗ್ತದೆ.”

ನನಗೆ ಅಳು ಬಂತು, ಸಿಟ್ಟೂ ಬಂತು. ಅತ್ತೆ ಮಾತ್ರ ಆಮೇಲೂ ಮಧ್ಯಾಹ್ನ ಅದರ ಮುಂದೆ ಕೂತು, ವೀಡಿಯೊ ನೋಡಿಕೊಂಡು ಆ ಕೊನೆಯ ಭಾಗಕ್ಕೆ ಬೆರಳಾಡಿಸುತ್ತಿದ್ದರು. ಒಣಗಿದ ಮೇಲೆ ಸರಿಹೋಗುತ್ತದೆ ಎಂದು ಮಾವ ಕಾಯುತ್ತಲೇ ಇದ್ದರು... ಹೋದ ವರ್ಷ ಅತ್ತೆ ಹೋಗಿಬಿಟ್ಟರು.

ನಿನ್ನೆ ಮಾವ ಗೇಟಿನ ಬಳಿ ನನ್ನನ್ನು ನಿಲ್ಲಿಸಿದರು.

“ಆ ಕೊನೇ ಭಾಗ ಕಲಿತ್ಲೇನಮ್ಮ ಅವಳು? ನನ್ನೆದುರಿಗೆ ಬಾರಿಸ್ಲೇ ಇಲ್ಲ.”

“ಕಲಿತ್ರು ಮಾವ.”

ಮುದುಕರ ಮುಖ ಅರಳಿತು. “ಹೆಂಗಿತ್ತು?”

ಚೆನ್ನಾಗಿತ್ತು ಅಂದೆ. ಅದನ್ನು ನಾನು ಕೇಳಿಲ್ಲ. ಯಾರೂ ಕೇಳಿಲ್ಲ, ಅತ್ತೆಯೂ ಕೇಳಲಿಲ್ಲ.